ಹಸು-ಎಮ್ಮೆಗಳ ಕೆಚ್ಚಲು ಬಾವು: ಔಷಧಿಗಿಂತ ಮೊದಲು ಆರೈಕೆ

(ಕೂಟದ ಅತಿಥಿ ಉಪನ್ಯಾಸದ ಬರಹರೂಪ)



ಸಾಹಿತ್ಯ, ಸಂಗೀತ, ಅಧ್ಯಾತ್ಮಗಳ ಕುರಿತು ಉಪನ್ಯಾಸಗಳನ್ನು ಕೇಳುತ್ತ ಬಂದಿರುವ ಈ ಸಭೆಯ ಮುಂದೆ ಹಸುವಿನ ಕೆಚ್ಚಲಿನ ವಿಷಯವನ್ನು ಎತ್ತುವುದು ತಮಗೆ ಸೋಜಿಗವೆನಿಸಬಹುದು. ಏನು ಮಾತನಾಡುವಿರಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನಮಗೂ ಅಳುಕಿತ್ತು. ಆದರೆ ನಾವು ಬದುಕೆಲ್ಲ ಕೊಟ್ಟಿಗೆಗಳಲ್ಲಿ ಕಳೆದ ಪಶುವೈದ್ಯರು. ಬಲ್ಲದ್ದನ್ನು ಬಿಟ್ಟು ಬಲ್ಲದ ವಿಷಯಕ್ಕೆ ಕೈಹಾಕುವುದು ತರವಲ್ಲ. ಇಲ್ಲಿರುವ ಅನೇಕರ ತಂದೆತಾಯಿಗಳೋ ಅಣ್ಣತಮ್ಮಂದಿರೋ ಊರಿನಲ್ಲಿ ಇಂದಿಗೂ ಒಂದೆರಡು ಹಸುವನ್ನೋ ಎಮ್ಮೆಯನ್ನೋ ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಿದ್ದಾರೆ. ‘ಹಸುವಿಗೆ ಕೆಚ್ಚಲು ಬಾವು ಬಂದಿದೆ’ ಎಂಬ ಮಾತು ದೂರವಾಣಿಯಲ್ಲಿ ತಮ್ಮ ಕಿವಿಗೆ ಎಂದಾದರೂ ಬಿದ್ದಿರಲೂ ಸಾಕು. ಆ ಮಾತಿನ ಹಿಂದೆ ಎಷ್ಟು ಸಂಕಟವಿರುತ್ತದೆ, ಇಲ್ಲಿ ಕುಳಿತ ತಾವು ಅದಕ್ಕೆ ಏನು ಮಾಡಬಹುದು ಎಂಬುದನ್ನು ತಿಳಿಸುವುದಷ್ಟೇ ನಮ್ಮ ಉದ್ದೇಶ.

ಈ ವಿಷಯಕ್ಕೂ ತಾವು ನೆಲೆಸಿರುವ ಈ ನೆಲಕ್ಕೂ ಒಂದು ನಂಟಿದೆ. ಅದನ್ನು ನಮಗೆ ತೋರಿಸಿಕೊಟ್ಟದ್ದು ಒಂದು ಹಸುವಿನ ಸಮಾಧಿ. ಮಗಳ ಮನೆಗೆ ಬಂದ ಹೊಸತರಲ್ಲಿ ಪ್ಲೇನ್ಸ್‌ಬರೋ ಊರಿನಲ್ಲಿ ಅಡ್ಡಾಡುತ್ತಿದ್ದಾಗ ಎಲ್ಸಿ ಎಂಬ ಹಸುವಿನ ನೆನಪಿನ ಕಲ್ಲನ್ನು ಕಂಡೆವು. ಬೋರ್ಡನ್ ಎಂಬ ಹಾಲಿನ ಕಂಪನಿಯ ಜಾಹೀರಾತಿನಿಂದ ಅಮೆರಿಕದ ಮನೆಮನೆಗೂ ಪರಿಚಿತಳಾಗಿದ್ದ ಈ ಹಸು 1941ರಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು ಕೊನೆಯುಸಿರೆಳೆದಾಗ ಅದನ್ನು ಅಲ್ಲಿದ್ದ ವಾಕರ್-ಗಾರ್ಡನ್ ಡೇರಿಯ ಜಮೀನಿನಲ್ಲಿ ಮಣ್ಣು ಮಾಡಿದರು. ಆ ಡೇರಿ 1971ರಲ್ಲಿ ಮುಚ್ಚಿತು. ಜಮೀನಿನ ಒಂದು ಭಾಗದಲ್ಲಿ ಈಗ ಮನೆಗಳೆದ್ದಿವೆ. ಕನ್ನಡ ಮಾತು ಕೇಳಿಬರುವ ಆ ಬೀದಿಗಳಲ್ಲಿ ಒಂದು ಕಾಲಕ್ಕೆ ಹಸುಗಳ ಗೊರಸಿನ ಸದ್ದಿತ್ತು.

ಅದು ಸಾಮಾನ್ಯ ಡೇರಿಯಾಗಿರಲಿಲ್ಲ. 1930ರಲ್ಲಿ ಅಲ್ಲಿ ‘ರೋಟೋಲ್ಯಾಕ್ಟರ್’ ಎಂಬ ಯಂತ್ರವನ್ನು ಸ್ಥಾಪಿಸಿದರು. ನಮ್ಮ ಜಾತ್ರೆಯ ತಿರುಗುಣಿಯಂತೆ ಮೆಲ್ಲಗೆ ಸುತ್ತುವ ಒಂದು ದೊಡ್ಡ ಜಗಲಿ. ಅದರ ಮೇಲೆ ಏಕಕಾಲಕ್ಕೆ 50 ಹಸುಗಳು. ಹಸುವಿನ ಮೈಯನ್ನೂ ಕೆಚ್ಚಲನ್ನೂ ಬೆಚ್ಚನೆಯ ನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಯಂತ್ರದಿಂದ ಹಾಲು ಕರೆಯುತ್ತಿದ್ದರು. ಜಗಲಿ ಒಂದು ಸುತ್ತು ಬರುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. 1939ರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್ ಮೆಡೋಸ್‌ನಲ್ಲಿ ವಿಶ್ವಮೇಳ ನಡೆದಾಗ ಬೋರ್ಡನ್ ಕಂಪನಿಯವರು ಇಂಥದೇ ಯಂತ್ರವನ್ನು ಅಲ್ಲಿ ಪ್ರದರ್ಶನಕ್ಕಿಟ್ಟರು. ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೆ ಹೋಗಿಬರುವ ತಮಗೆ ಆ ಬಯಲು ಅಪರಿಚಿತವಲ್ಲ.

ಅಷ್ಟೊಂದು ಶುಚಿಯಾಗಿಟ್ಟಿದ್ದ ಆ ಹಿಂಡಿನಲ್ಲೂ 16 ಹಸುಗಳಿಗೆ ಕೆಚ್ಚಲು ಬಾವು ಬಂದಿತು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರದ ಕಾಲ ಅದು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ರೆನೆ ಡುಬೊ ಎಂಬ ವಿಜ್ಞಾನಿ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಗ್ರಾಮಿಸಿಡಿನ್ ಎಂಬ ವಸ್ತುವನ್ನು ಆಗತಾನೆ ಬೇರ್ಪಡಿಸಿದ್ದರು. ಅದನ್ನು ರಕ್ತಕ್ಕೆ ಸೇರಿಸಿದರೆ ವಿಷ. ಆದರೆ ಕೆಚ್ಚಲಿನೊಳಕ್ಕೆ ಹಾಯಿಸಬಹುದಿತ್ತು. ಆ ಔಷಧಿಯಿಂದ 16ರಲ್ಲಿ 12 ಹಸುಗಳು ಗುಣಮುಖವಾದವು. ಪ್ರಿನ್ಸ್‌ಟನ್ ಬಳಿ ಇದ್ದ ಅದೇ ಸಂಸ್ಥೆಯ ಪ್ರಾಣಿರೋಗ ವಿಭಾಗದ ರಾಲ್ಫ್ ಲಿಟ್ಲ್ ಅವರೂ ಡುಬೊ ಅವರೊಡಗೂಡಿ ಈ ಚಿಕಿತ್ಸೆಯ ಅಧ್ಯಯನ ನಡೆಸಿದರು. ಆ ಜಾಗವೇ 1951ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫಾರೆಸ್ಟಲ್ ಆವರಣವಾಯಿತು. ಡುಬೊ ಅವರ ಗುರು ಸೆಲ್ಮನ್ ವಾಕ್ಸ್‌ಮನ್ ಇದ್ದದ್ದು ಇಲ್ಲಿಯ ರಟ್ಗರ್ಸ್‌ನಲ್ಲಿ. ಅವರ ಪ್ರಯೋಗಾಲಯದಲ್ಲಿ 1943ರಲ್ಲಿ ವಿದ್ಯಾರ್ಥಿ ಆಲ್ಬರ್ಟ್ ಷಾಟ್ಜ್ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನಾವು ಬಾಯಿಪಾಠ ಮಾಡಿದ ಔಷಧಿಗಳಲ್ಲಿ ಕೆಲವು ತಾವು ದಿನವೂ ಕಾರಿನಲ್ಲಿ ಹಾದುಹೋಗುವ ಊರುಗಳಲ್ಲಿ ಹುಟ್ಟಿದವು ಎಂಬುದು ಈ ಇಳಿವಯಸ್ಸಿನಲ್ಲಿ ನಮಗೆ ಮನವರಿಕೆಯಾಯಿತು.

ಗುಣವಾದ 12 ಹಸುಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಮಗೆ ನೆನಪಾಗುವುದು ಉಳಿದ ನಾಲ್ಕು. ಪೆನಿಸಿಲಿನ್ ಬಂದಿತು, ಇನ್ನೂ ಹತ್ತಾರು ಔಷಧಿಗಳು ಬಂದವು. ಆದರೂ ಆ ನಾಲ್ಕರ ಗುಂಪು ಇಲ್ಲದಾಗಲಿಲ್ಲ. ಕೆಚ್ಚಲು ಬಾವು ಔಷಧಿಯೊಂದರಿಂದಲೇ ಸೋಲುವ ರೋಗವಲ್ಲ ಎಂಬುದೇ ಇಂದಿನ ನಮ್ಮ ಮಾತಿನ ಸಾರ.

ರೋಗದ ಸ್ವರೂಪವನ್ನು ಸ್ವಲ್ಪ ನೋಡೋಣ. ಹಸು ಎಮ್ಮೆಗಳ ಕೆಚ್ಚಲು ಹೊರಗಿನಿಂದ ಒಂದೇ ಚೀಲದಂತೆ ಕಂಡರೂ ಒಳಗೆ ನಾಲ್ಕು ಬೇರೆಬೇರೆ ಕೋಣೆಗಳು; ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಪ್ರತಿಯೊಂದಕ್ಕೂ ಒಂದೊಂದು ಮೊಲೆತೊಟ್ಟು, ತೊಟ್ಟಿನ ತುದಿಯಲ್ಲಿ ಕಿರಿದಾದ ಒಂದು ದ್ವಾರ. ರೋಗಾಣುಗಳು ಬಹುಮಟ್ಟಿಗೆ ಒಳಗೆ ನುಗ್ಗುವುದು ಆ ದ್ವಾರದಿಂದಲೇ. ಸಗಣಿ ಗಂಜಲದ ನೆಲ, ತೊಳೆಯದ ಕೈ, ಹಸುವಿನಿಂದ ಹಸುವಿಗೆ ಒಂದೇ ಒದ್ದೆ ಬಟ್ಟೆ, ತೊಟ್ಟಿನ ಮೇಲಿನ ಗಾಯ ಇವೆಲ್ಲ ರೋಗಾಣುಗಳಿಗೆ ದಾರಿ ಮಾಡಿಕೊಡುತ್ತವೆ. ಹಾಲು ಕರೆದ ಮೇಲೆ ಆ ದ್ವಾರ ಬಿಗಿಯಾಗಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಹಸು ಕೊಚ್ಚೆಯಲ್ಲಿ ಮಲಗಿದರೆ ತೆರೆದ ಬಾಗಿಲಿಗೆ ಕಳ್ಳನನ್ನು ಕರೆದಂತೆ. ಕರೆದಾದ ಮೇಲೆ ಹುಲ್ಲು ಹಾಕಿ ನಿಲ್ಲಿಸುವ ಪದ್ಧತಿ ನಮ್ಮ ಹಿರಿಯರಲ್ಲಿ ಇತ್ತು. ಕಾರಣ ಕೇಳಿದರೆ ಅವರು ಹೇಳುತ್ತಿದ್ದರೋ ಇಲ್ಲವೋ, ಪದ್ಧತಿ ಮಾತ್ರ ಸರಿಯಾದದ್ದೇ.

ಎಮ್ಮೆಯ ತೊಟ್ಟಿನ ದ್ವಾರ ಹಸುವಿನದಕ್ಕಿಂತ ಬಿಗಿ. ಆದ್ದರಿಂದ ಎಮ್ಮೆಗೆ ಈ ರೋಗ ಕಡಿಮೆ, ಬರುವುದೇ ಇಲ್ಲವೆಂದಲ್ಲ. ಧಾರವಾಡದ ಕಡೆ ಪೇಡೆಗೆ ಗಟ್ಟಿಹಾಲು ಕೊಡುವ ಎಮ್ಮೆಗಳನ್ನು ಸಾಕುವವರು ‘ಎಮ್ಮೆಗೆ ಎಂಥ ಬಾವು’ ಎಂದು ಉದಾಸೀನ ಮಾಡಿ ಮೋಸಹೋಗುವುದುಂಟು. ಎಮ್ಮೆ ತೊರೆ ಬಿಡುವುದೂ ನಿಧಾನ. ಅವಸರಪಟ್ಟು ತೊಟ್ಟನ್ನು ಎಳೆದೆಳೆದು ಹಿಂಡಿದರೆ ಒಳಪೊರೆಗೆ ಪೆಟ್ಟಾಗಿ ರೋಗಕ್ಕೆ ಎಡೆಯಾಗುತ್ತದೆ. ಮಿಶ್ರತಳಿಯ ಹಸುಗಳಲ್ಲಿ ಹಾಲು ಹೆಚ್ಚು, ಕೆಚ್ಚಲು ಜೋಲು. ಅವುಗಳಿಗೆ ಅಪಾಯವೂ ಹೆಚ್ಚು. ಸಾಲ ಮಾಡಿ ತಂದ ಹಸುವಿಗೇ ರೋಗ ಬೇಗ ತಗಲುವುದರ ಗುಟ್ಟು ಇದು. ಊರಿನವರು ಇದನ್ನು ದೃಷ್ಟಿ ಎನ್ನುತ್ತಾರೆ. ದೃಷ್ಟಿ ತೆಗೆಯುವವರನ್ನು ನಾವೆಂದೂ ತಡೆದವರಲ್ಲ. ಅದರ ಜೊತೆಗೆ ಕೆಚ್ಚಲನ್ನೂ ತೊಳೆಯಿರಿ ಎಂದಷ್ಟೇ ಹೇಳುತ್ತಿದ್ದೆವು.

ಈ ರೋಗಕ್ಕೆ ಎರಡು ಮುಖಗಳಿವೆ. ಒಂದು ಕಣ್ಣಿಗೆ ಕಾಣುವಂಥದು: ಕೆಚ್ಚಲು ಊದಿ ಬಿಸಿಯಾಗುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ, ಹಾಲು ಗೆಡ್ಡೆಗೆಡ್ಡೆಯಾಗಿಯೋ ನೀರಾಗಿಯೋ ಬರುತ್ತದೆ, ಕೆಲವೊಮ್ಮೆ ಕೀವು ರಕ್ತಗಳೂ ಕಾಣುತ್ತವೆ. ಇನ್ನೊಂದು ಮರೆಯಲ್ಲಿರುವಂಥದು: ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ದಿನದಿನಕ್ಕೆ ಇಳಿಯುತ್ತದೆ. ‘ಹಿಂಡಿ ಬೂಸಾ ಎಲ್ಲ ಹಾಕಿದರೂ ಹಾಲು ಏಕೋ ಕಡಿಮೆ’ ಎಂದು ಮನೆಯವರು ಪೇಚಾಡುತ್ತಾರೆ. ಹಿಂಡುಗಳಲ್ಲಿ ಹೆಚ್ಚು ನಷ್ಟ ಮಾಡುವುದು ಈ ಎರಡನೆಯದೇ. ಇದನ್ನು ಕಂಡುಹಿಡಿಯಲು 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶಾಮ್ ಮತ್ತು ನೂರ್ಲಾಂಡರ್ ಎಂಬುವರು ಒಂದು ಸುಲಭ ಪರೀಕ್ಷೆಯನ್ನು ರೂಪಿಸಿದರು. ನಾಲ್ಕು ಗುಳಿಗಳ ಒಂದು ತಟ್ಟೆಯಲ್ಲಿ ನಾಲ್ಕು ತೊಟ್ಟುಗಳ ಹಾಲನ್ನು ಬೇರೆಬೇರೆಯಾಗಿ ಹಿಡಿದು, ಅಷ್ಟೇ ಪ್ರಮಾಣದ ಸಾಬೂನಿನಂಥ ದ್ರಾವಣವನ್ನು ಬೆರೆಸಿ ಆಡಿಸುವುದು. ರೋಗವಿರುವ ಹಾಲು ಲೋಳೆಯಾಗುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಸೂಕ್ಷ್ಮದರ್ಶಕವೂ ಬೇಡ. ಹಳ್ಳಿಯ ಹಾಲಿನ ಸಂಘದಲ್ಲಿಯೇ ಮಾಡಬಹುದು.

ಬಾವು ಕಂಡದ್ದೆಲ್ಲ ರೋಗವೂ ಅಲ್ಲ. ಚೊಚ್ಚಲ ಕರುವಿನ ಹಸುವಿಗೆ ಕರು ಹಾಕುವ ಮುನ್ನ ಕೆಚ್ಚಲು ನೀರುಗಟ್ಟಿ ಊದುವುದು ಸಹಜ. ಆದರೆ ಅದು ಬಿಸಿಯಿರುವುದಿಲ್ಲ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ತೊಟ್ಟಿನ ತೊಂದರೆಗಳು ಬೇರೆಯೇ ಇವೆ: ಒಡಕು, ನರಹುಲಿ, ಸಿಡುಬಿನ ಗುಳ್ಳೆ, ಮುಳ್ಳುತಂತಿ ತಗುಲಿದ ಗಾಯ. ಸಿಡುಬಿನ ಗುಳ್ಳೆ ಕರೆಯುವವರ ಕೈಗೂ ಹತ್ತುತ್ತದೆ. ಅಂಥ ಹಸುವನ್ನು ಕೊನೆಯಲ್ಲಿ ಕರೆದು ಕೈ ತೊಳೆಯಬೇಕು. ತೊಟ್ಟು ಸೀಳಿದರೆ ಅಂದೇ ವೈದ್ಯರಿಂದ ಹೊಲಿಗೆ ಹಾಕಿಸಬೇಕು. ಇನ್ನು ಹಾಲು ಸಣ್ಣಗೆ ಬರುತ್ತದೆಂದು ಬೇವಿನ ಕಡ್ಡಿಯನ್ನೋ ಸೈಕಲ್ ಕಡ್ಡಿಯನ್ನೋ ತೊಟ್ಟಿನೊಳಗೆ ತೂರಿಸುವವರನ್ನು ನಾವು ಕಂಡಿದ್ದೇವೆ. ಆ ಕಡ್ಡಿಯೊಡನೆ ರೋಗಾಣುಗಳೂ ಒಳಗೆ ಹೋಗುತ್ತವೆ. ಹೀಗೆ ಒಂದು ತೊಟ್ಟನ್ನು ಸರಿಪಡಿಸಲು ಹೋಗಿ ಕೆಚ್ಚಲಿನ ಒಂದು ಭಾಗವನ್ನೇ ಕಳೆದುಕೊಂಡ ಮನೆಗಳು ಒಂದೆರಡಲ್ಲ.

1960ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಹಲವು ಹಿಂಡುಗಳಲ್ಲಿ ಪ್ರಯೋಗ ನಡೆಸಿ ಐದು ಸೂತ್ರಗಳನ್ನು ಕೊಟ್ಟರು: ಪ್ರತಿ ಸಲ ಕರೆದ ಮೇಲೆ ತೊಟ್ಟುಗಳನ್ನು ರೋಗಾಣುನಾಶಕದಲ್ಲಿ ಅದ್ದುವುದು, ಹಾಲು ಬತ್ತಿಸುವಾಗ ಕೆಚ್ಚಲಿಗೆ ಔಷಧಿ ತುಂಬುವುದು, ರೋಗ ಕಂಡ ಕೂಡಲೇ ಸರಿಯಾದ ಚಿಕಿತ್ಸೆ, ಮೇಲಿಂದ ಮೇಲೆ ರೋಗಕ್ಕೆ ತುತ್ತಾಗುವ ಹಸುವನ್ನು ಹಿಂಡಿನಿಂದ ತೆಗೆಯುವುದು, ಹಾಲು ಕರೆಯುವ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು. ನೂರಾರು ಹಸುಗಳ ಡೇರಿಗಳಿಗಾಗಿ ಹುಟ್ಟಿದ ಸೂತ್ರಗಳಿವು. ಎರಡು ಹಸುವಿನ ನಮ್ಮ ಕೊಟ್ಟಿಗೆಗೆ ಯಂತ್ರ ಯಾವುದೆಂದರೆ ಕರೆಯುವ ತಾಯಿಯ ಕೈ. ಆ ಕೈ ಸುಸ್ಥಿತಿಯಲ್ಲಿರಬೇಕು. ಸಾಬೂನು ಹಾಕಿ ತೊಳೆದಿರಬೇಕು, ಉಗುರು ಕತ್ತರಿಸಿರಬೇಕು. ಹೆಬ್ಬೆರಳನ್ನು ಮಡಚಿ ತೊಟ್ಟನ್ನು ಅದುಮಿ ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ತೊಟ್ಟಿನ ಒಳಭಾಗವನ್ನು ಜಜ್ಜುತ್ತದೆ. ಇಡೀ ಮುಷ್ಟಿಯಿಂದ ಹಿಡಿದು ಮೇಲಿನಿಂದ ಕೆಳಕ್ಕೆ ಒತ್ತಿ ಕರೆಯಬೇಕು. ಮೊದಲ ಎರಡು ಧಾರೆಗಳನ್ನು ನೆಲಕ್ಕೆ ಬಿಡದೆ ಕಪ್ಪು ಬಟ್ಟೆಯ ಮೇಲೆ ಹಿಡಿದು ಗೆಡ್ಡೆಯಿದೆಯೇ ಎಂದು ನೋಡಬೇಕು. ಕೆಚ್ಚಲು ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಬೇಕು, ಹಸುವಿಗೊಂದು ಬಟ್ಟೆ. ಕರೆದಾದ ಮೇಲೆ ಚಿಕ್ಕ ಲೋಟದಲ್ಲಿ ಅಯೋಡಿನ್ ದ್ರಾವಣ ಹಿಡಿದು ಒಂದೊಂದೇ ತೊಟ್ಟನ್ನು ಅದ್ದಬೇಕು. ಇಷ್ಟಕ್ಕೆ ದಿನಕ್ಕೆ ಹತ್ತು ನಿಮಿಷ, ತಿಂಗಳಿಗೆ ಅಲ್ಪ ಖರ್ಚು.

ಮನೆಮದ್ದಿನ ಬಗೆಗೂ ಒಂದು ಮಾತು. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ಅರೆದು, ನೀರಿನಲ್ಲಿ ತೆಳುಮಾಡಿ, ಹಾಲನ್ನು ಪೂರ್ತಿ ಹಿಂಡಿ ತೆಗೆದ ಕೆಚ್ಚಲಿಗೆ ದಿನಕ್ಕೆ ಹತ್ತು ಸಲದಂತೆ ಐದು ದಿನ ಲೇಪಿಸುವ ಪದ್ಧತಿಯನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಈಗ ಪ್ರಚಾರ ಮಾಡುತ್ತಿದೆ. ಕಲಿತ ಪೊಗರಿನಲ್ಲಿ ಇಂಥವನ್ನು ತಳ್ಳಿಹಾಕಿದವರಲ್ಲಿ ನಾವೂ ಒಬ್ಬರು; ಈಗ ತಿದ್ದಿಕೊಂಡಿದ್ದೇವೆ. ರೋಗ ಆರಂಭದಲ್ಲಿರುವಾಗ ಇದರಿಂದ ಉಪಯೋಗವುಂಟು. ಆದರೆ ಹಸುವಿಗೆ ಜ್ವರ ಬಂದು ಮೇವು ಬಿಟ್ಟಿದ್ದರೆ, ಕೆಚ್ಚಲು ನೀಲಿಗಟ್ಟಿ ತಣ್ಣಗಾಗಿದ್ದರೆ ಲೇಪನ ಹಚ್ಚುತ್ತ ಕಾಯುವಂತಿಲ್ಲ. ಅದು ಪ್ರಾಣಕ್ಕೇ ಕುತ್ತು. ಆ ಗಳಿಗೆಯಲ್ಲೇ ವೈದ್ಯರನ್ನು ಕರೆಸಬೇಕು. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ ಕರೆಮಾಡುವ ಸಂಖ್ಯೆ 1962. ಊರಿನ ಮನೆಯ ಗೋಡೆಯ ಮೇಲೆ ಅದನ್ನು ಬರೆಸಿಡಿ.

ಇನ್ನು ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದಿಡಬೇಕಾಗಿದೆ. ಬಹಳ ವರ್ಷಗಳ ಹಿಂದಿನ ಮಾತು. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಗಂಡ ತೀರಿಹೋದ ಒಬ್ಬ ಹೆಣ್ಣುಮಗಳು, ಇಬ್ಬರು ಶಾಲೆಗೆ ಹೋಗುವ ಮಕ್ಕಳು, ಸಾಲದಲ್ಲಿ ತಂದ ಒಂದು ಮಿಶ್ರತಳಿ ಹಸು. ಎಡಗಡೆಯ ಹಿಂದಿನ ತೊಟ್ಟಿಗೆ ಬಾವು ಬಂದಿತ್ತು. ತೊಟ್ಟಿನ ತುದಿಯನ್ನು ಶುಚಿಗೊಳಿಸಿ ಔಷಧಿ ಹಾಯಿಸಿ, ಐದು ದಿನದ ಚಿಕಿತ್ಸೆ, ಅಲ್ಲಿಯವರೆಗೆ ಮತ್ತು ಅದಾದ ಮೂರು ದಿನ ಹಾಲನ್ನು ಡೇರಿಗೆ ಹಾಕಕೂಡದು ಎಂದು ಹೇಳಿ ಬಂದೆವು. ಮೂರನೆಯ ದಿನ ಹೋದಾಗ ಬಾವು ಇಳಿದಿತ್ತು. ಆಕೆ ಕೈಮುಗಿದು, ‘ಇಳೀತಲ್ಲ ಸ್ವಾಮಿ, ಇನ್ನು ಸಾಕು ಬಿಡಿ. ಇನ್ನೂ ಐದು ದಿನ ಹಾಲು ಚೆಲ್ಲಿದ್ರೆ ಉಪ್ಪು ಮೆಣಸಿನಕಾಯಿಗೆ ಎಲ್ಲಿಗೆ ಹೋಗ್ಲಿ?’ ಎಂದಳು. ನಾವು ಆ ಮಕ್ಕಳ ಮುಖ ನೋಡಿದೆವು. ಏನೂ ಹೇಳದೆ ಹಿಂದಿರುಗಿದೆವು. ಮಾರನೆಯ ದಿನ ಬೆಳಿಗ್ಗೆಯೇ ಆ ಹಾಲು ಸಂಘದ ಕ್ಯಾನಿಗೆ ಸೇರಿತು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಬಾವು ಮರುಕಳಿಸಿತು. ಈ ಸಲ ಯಾವ ಔಷಧಿಗೂ ಬಗ್ಗಲಿಲ್ಲ. ಆ ಭಾಗ ಕಲ್ಲಿನಂತೆ ಗಟ್ಟಿಯಾಗಿ ಬತ್ತಿಹೋಯಿತು. ಮೂರು ಮೊಲೆಯ ಹಸುವಿಗೆ ಸಂತೆಯಲ್ಲಿ ಬೆಲೆಯಿಲ್ಲ. ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಆಕೆ ಅದನ್ನು ಮಾರಿದಳು. ಸಾಲ ಮಾತ್ರ ಪೂರ್ತಿ ಉಳಿಯಿತು.

ಆಕೆಗೆ ತಿಳಿವಳಿಕೆಯಿರಲಿಲ್ಲವೆಂದು ಹೇಳಿ ನಾವು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆಕೆ ಮಾಡಿದ ಲೆಕ್ಕ ಸರಿಯಾಗಿಯೇ ಇತ್ತು. ಹಾಲು ಚೆಲ್ಲಿ ಅಂದವರು ನಾವು. ಚೆಲ್ಲಿದ ಹಾಲಿನ ಬೆಲೆ ಯಾರು ಕೊಡಬೇಕೆಂದು ನಾವು ಹೇಳಲಿಲ್ಲ. ಅರ್ಧಕ್ಕೆ ನಿಲ್ಲಿಸಿದ ಔಷಧಿ ರೋಗಾಣುಗಳಿಗೆ ಪಾಠ ಕಲಿಸಿ ಕಳುಹಿಸಿದಂತೆ. ಮುಂದೆ ಅದೇ ಔಷಧಿಗೆ ಅವು ಜಗ್ಗದೆಯೂ ಇರಬಹುದು. ಕ್ಯಾನಿಗೆ ಸೇರಿದ ಔಷಧಿಯುಕ್ತ ಹಾಲು ಯಾವುದೋ ಪೇಟೆಯ ಯಾವುದೋ ಮಗುವಿನ ಲೋಟಕ್ಕೆ ಹೋಗುತ್ತದೆ. ಕಾಯಿಸಿದರೂ ಆ ಅಂಶ ಪೂರ್ತಿ ಹೋಗದು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಸರಿಯಾಗಿ ಮೊಸರಾಗುವುದಿಲ್ಲ ಎಂಬುದು ಊರಿನ ಗೃಹಿಣಿಯರಿಗೆ ಗೊತ್ತು. ಒಂದು ತೊಟ್ಟಿಗೆ ಔಷಧಿ ಹಾಕಿದರೂ ನಾಲ್ಕೂ ತೊಟ್ಟುಗಳ ಹಾಲನ್ನು ಬೇರೆಯಿಡಬೇಕು; ಔಷಧಿ ರಕ್ತದ ಮೂಲಕ ಉಳಿದ ಭಾಗಗಳಿಗೂ ಹರಡಬಲ್ಲದು. ಅಮೆರಿಕದಲ್ಲಿ ಡೇರಿಗೆ ಬರುವ ಪ್ರತಿಯೊಂದು ಟ್ಯಾಂಕರಿನ ಹಾಲನ್ನೂ ಪೆನಿಸಿಲಿನ್ ಗುಂಪಿನ ಔಷಧಿಗಳಿಗಾಗಿ ಪರೀಕ್ಷಿಸುತ್ತಾರೆ. ಅಂಶ ಕಂಡುಬಂದರೆ ಇಡೀ ಟ್ಯಾಂಕರ್ ಆಹಾರಕ್ಕೆ ನಿಷಿದ್ಧ. ಎರಡು ಹಸುವಿನ ಮನೆಗಳಿಂದ ಲೋಟ ಲೋಟವಾಗಿ ಹಾಲು ಸೇರುವ ನಮ್ಮಲ್ಲಿ ಅಂಥ ಕಾವಲು ಮನೆಯ ಹೊಸ್ತಿಲಲ್ಲೇ ಆಗಬೇಕು.

ಆದ್ದರಿಂದ ತಮ್ಮಲ್ಲಿ ನಮ್ಮದೊಂದು ಬಿನ್ನಹ. ಊರಿನಿಂದ ಕೆಚ್ಚಲು ಬಾವಿನ ಸುದ್ದಿ ಬಂದಾಗ ‘ಒಳ್ಳೆಯ ಔಷಧಿ ಕೊಡಿಸಿ’ ಎಂದಷ್ಟೇ ಹೇಳಿ ದೂರವಾಣಿ ಕೆಳಗಿಡಬೇಡಿ. ಔಷಧಿ ಊರಿನಲ್ಲೇ ಸಿಗುತ್ತದೆ. ಸಿಗದಿರುವುದು ಹಾಲು ಚೆಲ್ಲುವ ಧೈರ್ಯ. ದಿನಕ್ಕೆ ಎಂಟು ಲೀಟರಿನಂತೆ ಒಂದು ವಾರಕ್ಕೆ 56 ಲೀಟರು; ಲೀಟರಿಗೆ 35 ರೂಪಾಯಿ ಹಿಡಿದರೂ 1,960 ರೂಪಾಯಿ. ಇಲ್ಲಿ ಒಂದು ಸಂಸಾರ ಒಂದು ಸಂಜೆ ಹೊರಗೆ ಊಟ ಮಾಡುವ ಖರ್ಚೂ ಅದಲ್ಲ. ‘ಅಮ್ಮ, ವೈದ್ಯರು ಹೇಳಿದಷ್ಟು ದಿನ ಪೂರ್ತಿ ಔಷಧಿ ಹಾಕಿಸು. ಅವರು ಹಾಕಬಹುದು ಎನ್ನುವವರೆಗೆ ಡೇರಿಗೆ ಹಾಲು ಹಾಕಬೇಡ. ಆ ಹಾಲಿನ ದುಡ್ಡು ನಾನು ಕಳಿಸುತ್ತೇನೆ’ ಎಂದು ಹೇಳಿ. ಸಾಧ್ಯವಾದರೆ ನೆರೆಮನೆಯ ಬಡವರ ಹಸುವಿಗೂ ಅದೇ ಮಾತು ಕೊಡಿ. ಮುಂದಿನ ಸಲ ಊರಿಗೆ ಹೋದಾಗ ಚಾಕೊಲೇಟು, ಸೆಂಟುಗಳ ಜೊತೆಗೆ ಆ ನಾಲ್ಕು ಗುಳಿಯ ಪರೀಕ್ಷೆಯ ತಟ್ಟೆಯೊಂದನ್ನು ಊರಿನ ಹಾಲಿನ ಸಂಘಕ್ಕೆ ಕೊಟ್ಟು ಬನ್ನಿ.

1939ರ ಆ ಮೇಳದಲ್ಲಿ ಔಷಧಿಗೆ ಬಗ್ಗದೆ ಉಳಿದ ನಾಲ್ಕು ಹಸುಗಳ ಮಾತು ಹೇಳಿದೆವು. ಕೈ ತೊಳೆಯುವುದು, ತೊಟ್ಟು ಅದ್ದುವುದು, ಕೊಟ್ಟಿಗೆ ಒಣಗಿಸಿಡುವುದು, ಚಿಕಿತ್ಸೆ ಮುಗಿಯುವವರೆಗೆ ತಾಳುವುದು ಇವು ಯಾವ ಪ್ರಯೋಗಾಲಯದಲ್ಲೂ ತಯಾರಾಗುವಂಥವಲ್ಲ. ಇವು ಮನೆಯಲ್ಲೇ ಆಗಬೇಕು. ಮನೆಯವರಿಗೆ ಅದಕ್ಕೆ ಬೇಕಾದ ಬಿಡುವು, ಬಲಗಳನ್ನು ಒದಗಿಸುವುದು ದೂರದಲ್ಲಿರುವ ಮಕ್ಕಳಿಂದ ಆಗುವ ಕೆಲಸ. ಆ ಹೆಣ್ಣುಮಗಳಿಗೆ ಅಂದು ಅಂಥ ಒಂದು ಬಲ ಇದ್ದಿದ್ದರೆ ಆಕೆಯ ಕೊಟ್ಟಿಗೆ ಬರಿದಾಗುತ್ತಿರಲಿಲ್ಲ.

 ತಮ್ಮ ಮನೆಗಳಲ್ಲೂ, ಊರಿನ ತಮ್ಮ ಕೊಟ್ಟಿಗೆಗಳಲ್ಲೂ ಹಾಲು ಉಕ್ಕಲಿ.